ಅಪ್‌ಡೇಟ್: ಗ್ಯಾರೇಜ್ ಕೊನೆಗೂ ಬೆಚ್ಚಗಾಯಿತು

ಮರಗೆಲಸ ಮಾಡುವ ಗ್ಯಾರೇಜನ್ನು ಕಡಿಮೆ ಖರ್ಚಿನಲ್ಲಿ ಬೆಚ್ಚಗಿಡುವುದು ಹೇಗೆ ಅಂತ ಕೇಳಿದ್ದೆನಲ್ಲ, ಅದರ ಕಥೆ ಇದು.

ಮೊದಲು ಫ್ಯಾನ್ ಹೀಟರ್ ಇಟ್ಟು ನೋಡಿದೆ. ಬಿಸಿಗಾಳಿಯೆಲ್ಲ ಸೀದಾ ಚಾವಣಿಗೆ ಹೋಯಿತು, ಕಾಲು ಮಾತ್ರ ತಣ್ಣಗೇ! ಜೊತೆಗೆ ಮರದ ಪುಡಿಯನ್ನೂ ಎಬ್ಬಿಸಿತು.

ಗ್ಯಾಸ್ ಹೀಟರ್ ಬೇಗ ಬಿಸಿ ಮಾಡಿತು, ನಿಜ. ಆದರೆ ಎರಡೇ ದಿನಕ್ಕೆ ಉಳಿಗಳ ಮೇಲೆ ತುಕ್ಕು. ಆಮೇಲೆ ತಿಳಿಯಿತು, 1 ಕೆಜಿ ಗ್ಯಾಸ್ ಉರಿದರೆ ಸುಮಾರು 1.6 ಕೆಜಿ ನೀರಾವಿ ಹೊರಬರುತ್ತದಂತೆ. ಹೊಗೆ ಕೊಳವೆ ಇಲ್ಲದಿದ್ದರೆ ಅದೆಲ್ಲ ಒಳಗೇ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ ಭಯ ಬೇರೆ. ವಾಪಸ್ ಕೊಟ್ಟುಬಿಟ್ಟೆ.

ಗೆದ್ದದ್ದು "ಮೊದಲು ಸಂದಿ ಮುಚ್ಚಿ" ಎಂದವರ ಸಲಹೆ. ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ, ಒಳಬದಿಗೆ ಥರ್ಮಾಕೋಲ್ ಹಾಳೆ. ಅಷ್ಟಕ್ಕೇ ಅರ್ಧ ಚಳಿ ಹೋಯಿತು. ಆಮೇಲೆ ಕೆಲಸದ ಮೇಜಿನ ಮೇಲ್ಗಡೆ 1500 ವ್ಯಾಟ್‌ನ ಇನ್‌ಫ್ರಾರೆಡ್ ಹೀಟರ್ ತೂಗುಹಾಕಿದೆ. ಅದು ಗಾಳಿಗಿಂತ ನಿಂತವರನ್ನೇ ಕಾಯಿಸುತ್ತದೆ.

ಅಂದಹಾಗೆ, ಒಂದೇ ವ್ಯಾಟ್‌ನ ಕರೆಂಟ್ ಹೀಟರ್‌ಗಳು ಕೊಡುವ ಶಾಖವೂ ಒಂದೇ. ದುಬಾರಿ ಮಾಡೆಲ್ ನೋಡಿ ಸುಮ್ನೆ ಮರುಳಾಗಬೇಡಿ. ಎಕ್ಸ್‌ಟೆನ್ಶನ್ ವೈರ್‌ಗೂ ಸಿಕ್ಕಿಸಬೇಡಿ, ನನ್ನದು ಮುಟ್ಟಿದರೆ ಸುಡುತ್ತಿತ್ತು.