ಯಾವ ಮರಿ ತರೋದು? ಓದುಗರ ಸ್ಪಂದನ

ಹೋದ ವಾರ ದಾವಣಗೆರೆಯ ಓದುಗರೊಬ್ಬರು ಬರೆದಿದ್ದು ನೆನಪಿರಬಹುದು. ಹದಿಮೂರು ವರ್ಷ ಮನೇಲಿದ್ದ ನಾಯಿ ಯುಗಾದಿ ಕಳೆದ ಮೇಲೆ ವಯಸ್ಸಾಗಿ ತೀರಿಹೋಯ್ತು. ಏಳನೇ ಕ್ಲಾಸಿನ ಮಗನಿಗೆ ಲ್ಯಾಬ್ರಡಾರ್ ಬೇಕು, ಯಜಮಾನರಿಗೆ ಮುಧೋಳ ಬೇಕು, ಅತ್ತೆಗೆ "ಯಾವ್ದೂ ಬೇಡ". ಲ್ಯಾಬ್ ಮರಿ ಮಾರೋರೊಬ್ಬರಿಗೆ ಎರಡು ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ. ಮರಿಗೆ 35 ದಿನ, ಎಲ್ಲ ಇಂಜೆಕ್ಷನ್ ಆಗಿದೆ ಅಂತ ಅವರು ಹೇಳ್ತಾರಂತೆ. ಅತ್ತೆಯವರ ಬಗ್ಗೆ ಇದ್ದಿದ್ದು ಎರಡೇ ಸಾಲು: ಹಳೇ ನಾಯಿಗೆ ಅನ್ನ ಕಲಸಿ ಹಾಕ್ತಿದ್ದೋರು ಅವರೇ, ಅದರ ತಟ್ಟೆನ ಇನ್ನೂ ಹಿತ್ತಲ ತೊಟ್ಟಿ ಪಕ್ಕ ಕವುಚಿ ಇಟ್ಟಿದ್ದಾರೆ. ಪ್ರಶ್ನೆ ಮಾತ್ರ ಯಾವ ಮರಿ, ಎಲ್ಲಿಂದ ತರೋದು ಅಂತ. ಮೊದಲು ಕಸುಬು ಗೊತ್ತಿರೋರ ಮಾತು ಕೇಳೋಣ.

ನಿವೃತ್ತ ಪಶುವೈದ್ಯ, ತಿಪಟೂರು

ನೋಡಮ್ಮ, 35 ದಿನಕ್ಕೆ ಎಲ್ಲ ಇಂಜೆಕ್ಷನ್ ಆಗಿದೆ ಅಂದ್ರೆ ಅದು ಸುಳ್ಳು, ಬೇರೆ ಮಾತೇ ಇಲ್ಲ. ಮೊದಲನೇ ಲಸಿಕೆ ಹಾಕೋದೇ ಆರರಿಂದ ಎಂಟು ವಾರಕ್ಕೆ, ಆಮೇಲೆ ಮೂರ್ನಾಲ್ಕು ವಾರಕ್ಕೊಂದು ಅಂತ ಹದಿನಾರು ವಾರದ ತನಕ ನಡೆಯುತ್ತೆ, ರೇಬಿಸ್‌ದು ಮೂರು ತಿಂಗಳಿಗೆ. ಅಷ್ಟು ಹೊತ್ತಿಗೆ ಆಗಿರಬೇಕಾದ್ದು ಜಂತುಹುಳದ ಔಷಧಿ ಮಾತ್ರ. ಇನ್ನೊಂದು, ಎಂಟು ವಾರ ತುಂಬದ ಮರಿ ಮಾರೋಹಾಗಿಲ್ಲ ಅಂತ 2017ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ, ಮರಿ ಮಾಡಿಸಿ ಮಾರೋರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಲಿ ನೋಂದಣಿನೂ ಮಾಡಿಸಿರಬೇಕು. ನೋಂದಣಿ ಪತ್ರ ತೋರ್ಸಿ ಅನ್ನಿ, ಮುಖ ನೋಡಿ.

ವಯಸ್ಸಿನ ವಿಷಯ ಬಾಯಿ ಬಿಡಿಸಿದ್ರೆ ಗೊತ್ತಾಗುತ್ತೆ. ಮುಂದಿನ ಚಿಕ್ಕ ಹಲ್ಲು ಆಗಷ್ಟೆ ವಸಡು ಸೀಳ್ಕೊಂಡು ಬರ್ತಾ ಇದ್ರೆ ಮರಿಗೆ ತಿಂಗಳ ಆಸುಪಾಸು ಅಷ್ಟೆ. ಎರಡು ತಿಂಗಳಿಗೆಲ್ಲ 28 ಹಾಲು ಹಲ್ಲೂ ಸಾಮಾನ್ಯವಾಗಿ ಬಂದಿರುತ್ತೆ, ಸೂಜಿ ಇದ್ದಂಗೆ. ತಾಯಿ ನಾಯಿ ತೋರ್ಸಿ ಅಂತ ಕೇಳಿ. ತಾಯಿ ನೋಡದೆ ಮರಿ ತರಬೇಡಿ. ತಾಯಿ ಜನ ಕಂಡ್ರೆ ಮೂಲೆ ಸೇರ್ಕೊಳುತ್ತೋ ಬಾಲ ಆಡ್ಸುತ್ತೋ, ಅಲ್ಲೇ ಅರ್ಧ ಗೊತ್ತಾಗುತ್ತೆ. ಲ್ಯಾಬ್ ಆದ್ರೆ ಸೊಂಟದ ಕೀಲಿನ ತೊಂದರೆ ವಂಶದಲ್ಲಿ ಬರುತ್ತೆ, ತಾಯಿ ಎದ್ದು ನಡೆಯೋದನ್ನ ನೋಡಿ. ಮೈಮೇಲೆ ಬಿದ್ದು ನೆಗೆಯೋ ಮರಿನೇ ಚೂಟಿ ಅಂತ ಎಲ್ಲರೂ ಎತ್ಕೊಂಡು ಬರ್ತಾರೆ, ನಾನಾದ್ರೆ ಮಧ್ಯದ್ದು ಆರಿಸ್ತೀನಿ, ಬಂದು ಮೂಸಿ ನೋಡಿ ಕೈಯಲ್ಲಿ ಐದು ನಿಮಿಷ ಸುಮ್ನೆ ಇರೋ ಅಂಥದ್ದು. ಹಾಂ, ಒಂದೇ ಸಲ ಹೋಗಬೇಡಿ, ಎರಡು ಸಲ ಹೋಗಿ, ಮರಿ ಉಂಡ ಮೇಲೊಂದ್ಸಲ ಉಣ್ಣೋ ಮುಂಚೆ ಒಂದ್ಸಲ.

ಯಜಮಾನರ ಆಸೆಗೂ ಒಂದು ಉತ್ತರ ಬಂದಿದೆ, ಆ ಸೀಮೆಯಿಂದಲೇ.

ಲೋಕಾಪುರ ಕಡೆ ರೈತ

ಮುಧೋಳ ನಾಯಿ ಬೇಕಂದ್ರ ಬೇಕ್ರಿ, ಬ್ಯಾಡ ಅನ್ನಂಗಿಲ್ಲ, ನಮ್ಮ ಊರ ಹೆಮ್ಮಿ ಅದು. ಘೋರ್ಪಡೆ ರಾಜರು ಸಾಕಿ ಬೆಳೆಸಿದ ತಳಿ, 2005ರಾಗ ಪೋಸ್ಟ್ ಸ್ಟಾಂಪ್ ಮ್ಯಾಲೂ ಬಂದೈತಿ, ಮಿಲಿಟರಿಯವರೂ ಒಯ್ದಾರ. ಆದ್ರ ಒಂದ್ ಮಾತು ಹೇಳ್ತೀನಿ ಕೇಳ್ರಿ, ಅದು ಓಡೋ ನಾಯಿ. ಕಣ್ಣಿಗೆ ಮೊಲ ಬಿತ್ತಂದ್ರ ನೀವು ಎಷ್ಟ್ ಕರದ್ರೂ ಹೊಳ್ಳಿ ನೋಡಂಗಿಲ್ಲ, ಬೆಕ್ಕು ಕೋಳಿ ಏನ್ ಓಡಿದ್ರೂ ಬೆನ್ನ ಹತ್ತತೈತಿ. ನಮ್ಮ ಹೊಲದಾಗ ಮುಂಜಾನೆ ಬಿಟ್ರ ತಾನ ಓಡಾಡಿ ಬಂದು ಮಲಗತೈತಿ. ನಿಮ್ಮ 30×40 ಸೈಟಿನ ಮನ್ಯಾಗ ಗೇಟ್ ಹಾಕಿ ಕಟ್ಟಿದ್ರ ಎರಡೂ ಮಂದಿಗೆ ಹಿಂಸಾ. ತೆಳ್ಳಗ ಇರ್ತೈತಿ, ಪಕ್ಕೆಲಬು ಕಾಣ್ತಾವು, ಉಪವಾಸ ಹಾಕ್ಯಾರ ಅಂತ ಓಣಿ ಮಂದಿ ಬೈತಾರ, ಅದು ಇರೋದ ಹಂಗ. ಇಷ್ಟಾದ ಮ್ಯಾಲೂ ಬೇಕಂದ್ರ ಮುಧೋಳ ಹತ್ರ ತಿಮ್ಮಾಪುರದಾಗ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರ ಐತಿ, ಅಲ್ಲಿ ಕೇಳ್ರಿ. ರಸ್ತೆ ಬದಿ ಬುಟ್ಟಿ ಹಿಡ್ಕೊಂಡು ನಿಂತವ್ರ ಕಡೆ ತಗೋಬ್ಯಾಡ್ರಿ, ಕ್ರಾಸ್ ಮರಿ ಕೊಡ್ತಾರ. ನಿಮ್ಮ ಮನಿಯವರಿಗೆ ದಿನಾ ಎಷ್ಟ್ ಕಿಲೋಮೀಟರ್ ನಡೀತೀರಿ ಅಂತ ಮೊದ್ಲ ಕೇಳ್ರಿ ಅಕ್ಕಾರ.

ಮಂಡ್ಯ, ಹೆಸರು ಬೇಡ

ಹದಿಮೂರು ವರ್ಷ ಅನ್ನ ಹಾಕ್ದೋರ್ನ ಒಂದ್ಮಾತು ಕೇಳ್ದೆ ಅಡ್ವಾನ್ಸ್ ಕೊಟ್ಟವ್ರೆ. ಲ್ಯಾಬೋ ಮುಧೋಳನೋ ಅಂತ ನಮ್ಮನ್ನ ಕೇಳ್ತಾವ್ರೆ.

ಮಂಡ್ಯದವರು ಸ್ವಲ್ಪ ಖಾರವಾಗೇ ಹೇಳಿದ್ದಾರೆ. ಆ ಖಾರ ಇಲ್ಲದೆ ಅದೇ ಮಾತು ಹೇಳಿದೋರು ಇನ್ನೂ ಹಲವರಿದ್ದಾರೆ. ಮುಂದಿನದು ಉದ್ದದ ಪತ್ರ, ಕತ್ತರಿಸೋಕೆ ಮನಸ್ಸು ಬರಲಿಲ್ಲ.

ಗೃಹಿಣಿ, ಸಾಗರ

ನಿಮ್ಮ ಪ್ರಶ್ನೆಗೆ ನನ್ನ ಹತ್ರ ಉತ್ರ ಇಲ್ಲ ಮಾರಾಯ್ರೆ, ಆದ್ರೆ ಆ ಕವುಚಿಟ್ಟ ತಟ್ಟೆ ಅಂತ ಓದಿದ ಕೂಡ್ಲೆ ಫೋನ್ ಕೆಳಗಿಟ್ಟು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ, ಅದಕ್ಕೆ ಬರೀತಿದ್ದೀನಿ. 2018ರ ಮಳೆಗಾಲ. ಮಗಳಿಗೆ ಒಂಬತ್ತು ವರ್ಷ. ಇವರು ಬೆಂಗಳೂರಿಗೆ ಹೋದೋರು ಒಂದು ಅಂಗಡಿಯಿಂದ ಮರಿ ತಂದ್ರು, ರಟ್ಟಿನ ಡಬ್ಬದಲ್ಲಿ ತೂತು ಮಾಡಿ, ರಾತ್ರಿ ಬಸ್ಸಲ್ಲಿ ಮಡಿಲಲ್ಲಿ ಇಟ್ಕೊಂಡು. ಬೆಳಿಗ್ಗೆ ಡಬ್ಬ ಬಿಚ್ಚಿದಾಗ ಮೈಯೆಲ್ಲ ಒದ್ದೆ, ಆದ್ರೂ ಮಗಳ ಬೆರಳು ಚೀಪೋಕೆ ಶುರು ಮಾಡ್ತು. ಮೂರನೇ ದಿನ ಹಾಲು ಬಿಟ್ಟಿತು. ಹಳದಿ ನೊರೆ ಕಕ್ಕಿತು. ನಾನು ಅಜೀರ್ಣ ಅಂದ್ಕೊಂಡು ಮಜ್ಜಿಗೆ ಕೊಟ್ಟೆ, ನನ್ನ ಬುದ್ಧಿಗೆ ಎಂತ ಹೇಳೋದು. ನಾಲ್ಕನೇ ದಿನ ರಕ್ತ ಭೇದಿ. ಆ ವಾಸನೆ ಒಂದ್ಸಲ ಮೂಗಿಗೆ ಹೊಡೆದ್ರೆ ಆಯ್ತು, ಮರೆಯೋಕಾಗಲ್ಲ. ಪಾರ್ವೋ ಅಂದ್ರು ಡಾಕ್ಟ್ರು, ಮರಿಗಳ ಕರುಳಿಗೆ ಬರೋ ಅಂಟುರೋಗ. ಆಸ್ಪತ್ರೆ ಬೆಂಚಿನ ಮೇಲೆ ಅದರ ಕಡ್ಡಿಯಂಥ ಮುಂಗಾಲಿಗೆ ಸೂಜಿ ಚುಚ್ಚಿ ಸಲೈನ್ ಬಾಟ್ಲಿನ ಮಗಳು ಎತ್ತಿ ಹಿಡ್ಕೊಂಡಿದ್ಲು, ಕೈ ಬದಲಾಯಿಸ್ತಾ ಬದಲಾಯಿಸ್ತಾ, ನಾನು ಹಿಡ್ಕೊತೀನಿ ಕೊಡೆ ಅಂದ್ರೂ ಕೊಡ್ಲಿಲ್ಲ. ಆರನೇ ದಿನ ಹೋಯ್ತು. ಅಂಗಡಿಯೋನು ಕೊಟ್ಟ ಕಾರ್ಡು ತೆಗೆದು ನೋಡಿದ್ರೆ ಲಸಿಕೆ ಚೀಟಿ ಅಂಟ್ಸಿದ್ದಾನೆ, ತಾರೀಕಿಲ್ಲ ಡಾಕ್ಟ್ರ ಸೀಲಿಲ್ಲ.

ಇಷ್ಟೇ ಆಗಿದ್ರೆ ಅಂಗಡಿಯೋನ್ನ ಬೈಕೊಂಡು ಇರ್ತಿದ್ದೆ. ಮಗಳು ಊಟ ಬಿಟ್ಲು ಅಂತ ಇಪ್ಪತ್ತು ದಿನಕ್ಕೆ ನಾನೇ ಪಕ್ಕದ ಊರಿಂದ ಇನ್ನೊಂದು ಮರಿ ತಂದೆ, ನಾಟಿ ಮರಿ, ಕೊಟ್ಟಿಗೇಲಿ ಹುಟ್ಟಿದ್ದು, ಗುಂಡು ಗುಂಡಗೆ ಆರೋಗ್ಯವಾಗಿತ್ತು. ಅದೇ ಗೋಣಿಚೀಲ ಹಾಸಿದೆ, ಅದೇ ತಟ್ಟೇಲಿ ಹಾಲು ಹಾಕಿದೆ. ನೆಲ ಫಿನಾಯಿಲ್ ಹಾಕಿ ತೊಳ್ದಿದ್ದೆ. ಅದಕ್ಕೆಲ್ಲ ಆ ರೋಗಾಣು ಸಾಯೋದಿಲ್ಲವಂತೆ, ಬ್ಲೀಚಿಂದನೇ ತೊಳೀಬೇಕಂತೆ, ಮಣ್ಣಲ್ಲಾದ್ರೆ ತಿಂಗಳುಗಟ್ಲೆ, ವರ್ಷದ ತನಕನೂ ಇರುತ್ತಂತೆ, ಲಸಿಕೆ ಪೂರ್ತಿ ಆಗದ ಮರಿನ ಅಂಥ ಜಾಗಕ್ಕೆ ತರ್ಲೇಬಾರ್ದಂತೆ. ಇದನ್ನೆಲ್ಲ ಡಾಕ್ಟ್ರು ಎರಡನೇ ಸಲ ಹೇಳಿದ್ದು. ಮೊದಲನೇ ಸಲ ಅವರು ಹೇಳಿದ್ರೋ ನಾನು ಕೇಳಿಸ್ಕೊಳ್ಲಿಲ್ವೋ ಗೊತ್ತಿಲ್ಲ. "ಹಳೇ ಗೋಣಿ ಏನ್ ಮಾಡಿದ್ರಿ?" ಅಂತ ಕೇಳಿದ್ರು, ನಾನು ಒಗೆದೆ ಅಂದೆ.

ಮೊದಲನೇದು ಬರುವಾಗ್ಲೇ ರೋಗ ತಂದಿತ್ತು. ಎರಡನೇದಕ್ಕೆ ಕೊಟ್ಟೋಳು ನಾನು. ಮಗಳು ಆಮೇಲೆ ನಾಯಿ ಕೇಳಲೇ ಇಲ್ಲ, ಈಗ ದೊಡ್ಡೋಳಾಗಿದ್ದಾಳೆ, ಯಾರ ಮನೇಲಿ ಮರಿ ಇದ್ರೂ ದೂರದಿಂದ ನೋಡ್ತಾಳೆ, ಮುಟ್ಟಲ್ಲ. ಕ್ಷಮಿಸಿ, ನಿಮ್ಮ ಅತ್ತೆ ಯಾಕೆ ಬೇಡ ಅಂತಾರೆ ಅಂತ ನಂಗೆ ಗೊತ್ತು ಅನ್ಸುತ್ತೆ, ಅಷ್ಟೇ ಹೇಳ್ಬೇಕಿತ್ತು.

ದಾವಣಗೆರೆಯವರು ಗಾಬರಿಯಾಗೋದು ಬೇಡ, ಅವರ ಹಳೇ ನಾಯಿ ವಯಸ್ಸಾಗಿ ಹೋಗಿದ್ದು. ಆದ್ರೆ ಸಾಗರದ ಕಾರ್ಡು, ದಾವಣಗೆರೆಯ "ಎಲ್ಲ ಇಂಜೆಕ್ಷನ್", ಎರಡನ್ನೂ ಒಟ್ಟಿಗೆ ಓದಿಕೊಳ್ಳೋದು ಒಳ್ಳೇದು.

ಬೆಂಗಳೂರು, ಜೆ.ಪಿ.ನಗರ

ಅಪಾರ್ಟ್‌ಮೆಂಟಲ್ಲಿ ನಾಯಿ ಸಾಕಬಾರ್ದು ಅಂತ ಅಸೋಸಿಯೇಷನ್‌ನೋರು ಹೆದರಿಸಿದ್ರೆ ಬಗ್ಗಬೇಡಿ. ಪೂರ್ತಿ ನಿಷೇಧ ಮಾಡೋಹಾಗಿಲ್ಲ ಅಂತ ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿ ಮಾರ್ಗಸೂಚಿನೇ ಇದೆ, ಪ್ರಿಂಟ್ ತೆಗ್ದು ಇಟ್ಕೊಳಿ. ನಾನು ಎರಡು ವರ್ಷದಿಂದ ಲಿಫ್ಟ್ ವಿಷಯಕ್ಕೆ ಜಗಳ ಆಡ್ತಿದ್ದೀನಿ.

(ದಾವಣಗೆರೆಯವರದು ಅಪಾರ್ಟ್‌ಮೆಂಟ್ ಅಲ್ಲ, ಸ್ವಂತ ಮನೆ. ಇರಲಿ, ಯಾರಿಗಾದ್ರೂ ಉಪಯೋಗ ಆದೀತು.)

ಟೀಚರ್, ಮೈಸೂರು

ದುಡ್ಡು ಕೊಟ್ಟು ಯಾಕೆ ತರ್ತೀರ? ನಮ್ಮ ರಸ್ತೆ ಕೊನೇಲಿ ಮರಳು ಗುಡ್ಡೆ ಮೇಲೆ ಆರು ಮರಿ ಹಾಕಿತ್ತು ಒಂದು ಬೀದಿ ನಾಯಿ. ಗಂಡು ಮರಿಗಳು ಎರಡೇ ವಾರಕ್ಕೆ ಒಂದೊಂದೇ ಮನೆ ಸೇರಿದ್ವು, ಹೆಣ್ಣು ಮೂರೂ ಅಲ್ಲೇ ಉಳಿದ್ವು. ಎಲ್ಲ ಕಡೆ ಇದೇ ಕಥೆ. ನಾನು ಕಿವಿ ಮಡಚಿದ್ದ ಕಂದು ಮರಿ ತಂದೆ, ಆರೇಳು ತಿಂಗಳಿಗೆ ಆಪರೇಷನ್ ಮಾಡ್ಸಿದೆ, ಮರಿ ಹಾಕೋ ತಲೆನೋವೇ ಇಲ್ಲ, ಈಗ ನಾಲ್ಕು ವರ್ಷ. ಮೊಸರನ್ನ ಮೊಟ್ಟೆ ತಿನ್ಕೊಂಡು ಇದೆ, ಡಾಕ್ಟ್ರ ಹತ್ರ ಹೋಗೋದು ಲಸಿಕೆಗೆ ಮಾತ್ರ. ನಿಮ್ಮ ಮಗನಿಗೆ ಲ್ಯಾಬೇ ಬೇಕು ಅಂದ್ರೆ ಅದು ಬೆಳೆದ ಮೇಲೆ 30 ಕೆಜಿ ಇರುತ್ತೆ, ಜಗ್ಗಿದ್ರೆ ಹಿಡಿಯೋನು ಅವನಾ ನೀವಾ ಅಂತ ಕೇಳಿ.

71 ವರ್ಷ, ಹಾಸನ (ಮೊಮ್ಮಗಳ ಕೈಲಿ ಟೈಪ್ ಮಾಡ್ಸಿದ್ದು)

ನಿಮ್ಮತ್ತೆಗೆ ಮಂಡಿ ನೋವು ಇದ್ಯಾ ಕೇಳಿ ನೋಡಮ್ಮ. ಮರಿ ಬಂದ ಮೊದಲ ದಿನ ಎಲ್ಲರೂ ಎತ್ಕೊತೀರ. ಎಂಟನೇ ದಿನ ಬೆಳಗ್ಗೆ ಐದಕ್ಕೆ ಅದು ಕುಂಯ್ ಅಂದ್ರೆ ಏಳೋರು ಯಾರು? ನಮ್ಮನೇಲಿ ನಾನು. ಉಚ್ಚೆ ಒರೆಸೋಳು ನಾನು, ಚಪ್ಪಲಿ ಕಚ್ಚಿದ್ರೆ ಬೈಸ್ಕೊಳೋಳೂ ನಾನು. ಈ ವಯಸ್ಸಲ್ಲಿ ನಂಗೆ ಮರಿ ಬೇಡ ಅಂದೆ, ನಾಯಿ ಬೇಡ ಅನ್ಲಿಲ್ಲ. ನಮ್ಮ ಹುಡುಗ ಅದನ್ನ ತಿಳ್ಕೊಂಡು ಮೂರು ವರ್ಷದ್ದು ತಂದ, ಯಾರೋ ವರ್ಗ ಆಗಿ ಹೋಗೋರು ಬಿಟ್ಟಿದ್ದು. ಬಂದ ದಿನವೇ ಬಾಗ್ಲಲ್ಲಿ ಮಲಗ್ತು, ಹೊರಗೇ ಹೋಗಿ ಉಚ್ಚೆ ಮಾಡ್ತು. ಹೆಸರು ಮಾತ್ರ ಟೈಸನ್ ಅಂತೆ, ನಂಗೆ ಬಾಯಿಗೆ ಬರಲ್ಲ, ತಮ್ಮಯ್ಯ ಅಂತೀನಿ, ಬರ್ತಾನೆ.

ಹಾಸನದ ಅಜ್ಜಿ ಪತ್ರನ ನಾವು ಆಫೀಸಲ್ಲಿ ಎರಡೆರಡು ಸಲ ಓದಿದ್ವಿ. ಈ ಕಂತು ಕಳಿಸೋ ಹೊತ್ತಿಗೆ ದಾವಣಗೆರೆಯಿಂದಲೂ ಒಂದು ಮೆಸೇಜ್ ಬಂತು, ಅದು ಇದ್ದ ಹಾಗೇ:

"ಭಾನುವಾರ ಮರಿ ನೋಡಕ್ಕೆ ಹೋಗಿದ್ವಿ, ಅತ್ತೆ ನಾನೂ ಬರ್ತೀನಿ ಅಂದ್ರು ಕಾರಲ್ಲಿ ಒಂದು ಮಾತೂ ಆಡ್ಲಿಲ್ಲ. ತಾಯಿ ತೋರ್ಸಿ ಅಂದ್ರೆ ಆ ಮನುಷ್ಯ ಅದು ತೋಟದಲ್ಲಿದೆ ಅಂದ. ಅತ್ತೆ ಮರಿ ಎತ್ಕೊಂಡು ಬಾಯಿ ತೆಗೆದು ನೋಡಿದ್ರು, ಹಲ್ಲೇ ಸರಿಯಾಗಿ ಬಂದಿಲ್ಲ, ಇದನ್ನ ಇದರಮ್ಮನ ಹತ್ರ ಬಿಟ್ಬಾರಪ್ಪ ಅಂದ್ರು. ಎರಡು ಸಾವಿರ ವಾಪಸ್ ಕೊಡ್ಲಿಲ್ಲ. ಮಗ ದಾರೀಲೆಲ್ಲ ಅತ್ತ. ಮನೆಗೆ ಬಂದ ಮೇಲೆ ಅತ್ತೆ ಅವನನ್ನ ಕರ್ಕೊಂಡು ಹಿಂದಿನ ರಸ್ತೆಗೆ ಹೋಗಿದ್ದಾರೆ, ಯಾವ್ದೋ ಮನೆ ನಾಯಿ ಗಬ್ಬ ಇದ್ಯಂತೆ."