ಪ್ರತಿ ಸಲ ಕಾಂಡೋಮ್ ಹಾಕಿದ್ರೂ ರೋಗ ಅಂಟುತ್ತಾ? ಅನುಭವ ಇದ್ದೋರು ಹೇಳಿ

ಹೊಸದಾರಿ: ಹೊಸ ಸಂಬಂಧ. ಅವನಿಗೆ ಹಿಂದೆ ಯಾವಾಗ್ಲೋ ಕೆಳಗಡೆ ಹರ್ಪಿಸ್ (ಹುಣ್ಣು ಬರ್ಸೋ ವೈರಸ್ ಸೋಂಕು) ಆಗಿತ್ತಂತೆ, ಅವನಾಗೇ ಹೇಳ್ದ. ಈಗ ಹುಣ್ಣು ಗಿಣ್ಣು ಏನಿಲ್ಲ, ಬೇರೆ ಟೆಸ್ಟ್ ಎಲ್ಲಾ ನೆಗೆಟಿವ್. ಕಾಂಡೋಮ್ ಇಲ್ದೆ ಬೇಡ ಅಂತ ಇಬ್ರೂ ಒಪ್ಕೊಂಡಿದೀವಿ. ಅಷ್ಟು ಸಾಕಾ? ಇನ್ನೊಂದು, ನಂಗೆ ಕಾಂಡೋಮ್ ಹಾಕಿದ್ರೆ ಒಳಗೆ ಉರಿ. ಅದಕ್ಕೇನು ಮಾಡೋದು?

ಉರಿಗಣ್ಣ: ಸಾಕಾ ಅಂತ ನನ್ನ ಕೇಳಿ. ಒಂದ್ಸಲಾನೂ ಬಿಟ್ಟೋನಲ್ಲ ನಾನು, ಆದ್ರೂ ನರುಲಿ ಬಂತು. ಎಲ್ಲಿ ಬಂತು ಗೊತ್ತಾ, ಕಾಂಡೋಮಿನ ಅಂಚು ಎಲ್ಲಿಗೆ ಮುಗಿಯುತ್ತೋ ಅದರ ಕೆಳಗೆ, ಬುಡದಲ್ಲಿ, ವೃಷಣದ ಚೀಲದ ಮೇಲೆ. ಮೊದ್ಲು ಮೊಡವೆ ಅನ್ಕೊಂಡೆ. ಆಮೇಲೆ ಡಾಕ್ಟ್ರು ದ್ರವ ಸಾರಜನಕ ಹಾಕಿ ಸುಟ್ರು, ಅದು ಬೊಬ್ಬೆ ಎದ್ದು, ಒಡೆದು, ಒಣಗಿ, ಚರ್ಮ ಕೂಡ್ಕೊಳ್ಳೋ ಹೊತ್ತಿಗೆ ಪಕ್ಕದಲ್ಲೇ ಇನ್ನೆರಡು ತಲೆ ಎತ್ತಿದ್ವು, ಮತ್ತೆ ಸುಡ್ಸೋದು, ಮತ್ತೆ ಕಾಲು ಅಗಲ ಮಾಡ್ಕೊಂಡು ನಡೆಯೋದು, ಆಫೀಸಲ್ಲಿ ಕೇಳಿದ್ರೆ ಬೆನ್ನು ನೋವು ಅನ್ನೋದು. ಆಮೇಲೆ ಇಮಿಕ್ವಿಮೋಡ್ ಮುಲಾಮು, ವಾರಕ್ಕೆ ಮೂರು ರಾತ್ರಿ ಹಚ್ಚಿ ಬೆಳಿಗ್ಗೆ ತೊಳೀಬೇಕು, ಆ ಸ್ಯಾಶೆ ಬೆಲೆ ನೋಡಿದ್ರೆ ಮನೆ ಬಾಡಿಗೆ ನೆನಪಾಗುತ್ತೆ. ಚರ್ಮ ಕೆಂಪಗೆ ಸುಲಿದ್ಹೋಯ್ತು. ಇಷ್ಟೆಲ್ಲಾ ಆದ್ಮೇಲೆ ಡಾಕ್ಟ್ರು ನಿಧಾನಕ್ಕೆ ಹೇಳಿದ್ದು, ಈ ನರುಲಿ ತರೋ ವೈರಸ್ ಎಚ್‌ಪಿವಿ, ಅದು ಹರಡೋದು ಚರ್ಮದಿಂದ ಚರ್ಮಕ್ಕೆ, ಮುಚ್ಚದೇ ಇರೋ ಜಾಗಕ್ಕೆ ಕಾಂಡೋಮ್ ಏನು ಮಾಡುತ್ತೆ ಅಂತ. ಪ್ಯಾಕೆಟ್ ಮೇಲೆ ಇದನ್ನ ಕಣ್ಣಿಗೆ ರಾಚೋ ಹಾಗೆ ಬರೀಬೇಕಲ್ವಾ?

ಹಳೇಜೋಡಿ: ಇಂಥದ್ದನ್ನೆಲ್ಲಾ ಓದಿ ಹುಡುಗ್ರು ಕಾಂಡೋಮ್ ಬಿಸಾಕ್ತಾರೆ, ಅದಕ್ಕೆ ನಂದೂ ಹೇಳ್ತೀನಿ. ನಮ್ಮನೆಯವ್ರಿಗೆ ಎಚ್‌ಐವಿ. ಗೊತ್ತಾದಾಗ ಔಷಧಿ ಈಗಿನಷ್ಟು ಸಲೀಸಾಗಿ ಸಿಗ್ತಿರ್ಲಿಲ್ಲ. ಎರಡೂ ಕಡೆಯೋರು ಬಿಟ್ಬಿಡು ಅಂದ್ರು. ಬಿಡಲಿಲ್ಲ. ಅವತ್ತಿಂದ ಕಾಂಡೋಮ್ ಬಿಟ್ಟು ಹತ್ರ ಹೋಗಿದ್ದೇ ಇಲ್ಲ, ಮುಟ್ಟೋ ಮುಂಚೆ ಹಾಕ್ಬೇಕು, ಮುಗಿದ ತಕ್ಷಣ ಬುಡ ಹಿಡ್ಕೊಂಡು ತೆಗೀಬೇಕು, ಅರ್ಧಕ್ಕೆ ಹಾಕೋದು ಗೀಕೋದು ಇಲ್ಲ. ಒಂದ್ಸಲ ಹರೀತು, ಆ ರಾತ್ರೀನೇ ಓಡಿದೆ, 72 ಗಂಟೆ ಒಳಗೆ ಶುರು ಮಾಡಿದ್ರೆ ಮಾತ್ರ ಎಚ್‌ಐವಿ ಅಂಟದ ಹಾಗೆ ತಡೆಯೋ ಮಾತ್ರೆ ಉಪಯೋಗಕ್ಕೆ ಬರೋದು, 28 ದಿನ ನುಂಗ್ಬೇಕು. ಏನ್ ವಾಕರಿಕೆ ಅಂತೀರಾ, ನೀರು ಕುಡಿದ್ರೂ ಬಾಯಿಗೆ ಬರ್ತಿತ್ತು. ಇವತ್ತಿಗೂ ನಾನು ನೆಗೆಟಿವ್. ಈಗ ಅವ್ರ ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಪತ್ತೆಗೇ ಸಿಗಲ್ಲ, ಹಾಗಿದ್ರೆ ಸಂಭೋಗದಿಂದ ಹರಡೋದೇ ಇಲ್ಲ, ಡಾಕ್ಟ್ರು ಕಾಂಡೋಮ್ ಬೇಡ ಅಂದ್ರೂ ನಾವು ಬಿಟ್ಟಿಲ್ಲ. ನರುಲಿಗೆ ಇಷ್ಟು ಗೋಳಾಡೋರು ಸ್ವಲ್ಪ ಯೋಚ್ನೆ ಮಾಡಿ.

ಉರಿಗಣ್ಣ: ಕೆಲಸ ಮಾಡಲ್ಲ ಅಂತ ನಾನೆಲ್ಲಿ ಅಂದೆ ಸ್ವಾಮಿ? ಪೂರ್ತಿ ಮಾಡಲ್ಲ ಅಂದೆ. ನಿಮ್ದು ದೊಡ್ಡ ಕಾಯಿಲೆ ಅಂದಮಾತ್ರಕ್ಕೆ ನಮ್ದು ಕಾಯಿಲೆನೇ ಅಲ್ವಾ?

ನೇರಮಾತು: ಎಚ್‌ಐವಿಗೂ ಕಾಂಡೋಮಿಂದ 80% ರಕ್ಷಣೆ ಅಷ್ಟೇ ಅಂತ ಓದಿದ್ದೆ. ಅಂದ್ರೆ ಐದು ಸಲಕ್ಕೆ ಒಂದು ಸಲ ಬಂದೇ ಬರುತ್ತೆ. ಹಳೇಜೋಡಿ ಅವ್ರದ್ದು ಅದೃಷ್ಟ ಅಷ್ಟೆ.

ಸ್ಲೈಡ್‌ಮಾಸ್ಟರ್: ಅಯ್ಯೋ ದೇವ್ರೇ. ಲ್ಯಾಬಲ್ಲಿ ಕೆಲಸ ಮಾಡೋನು ನಾನು, ಈ ಲೆಕ್ಕ ಕೇಳಿ ಕೇಳಿ ಸಾಕಾಗಿದೆ. 80% ಅಂದ್ರೆ ಐದರಲ್ಲಿ ಒಂದ್ಸಲ ಅಲ್ಲ. ಒಬ್ರಿಗೆ ಎಚ್‌ಐವಿ ಇದ್ದು ಇನ್ನೊಬ್ರಿಗೆ ಇಲ್ದೇ ಇರೋ ಗಂಡು-ಹೆಣ್ಣು ಜೋಡಿಗಳನ್ನ ಹಿಂಬಾಲಿಸಿ ನೋಡಿದ್ರು. ಕಾಂಡೋಮೇ ಬಳಸದವ್ರಲ್ಲಿ ನೂರು ಜೋಡಿಗೆ ವರ್ಷಕ್ಕೆ ಹೆಚ್ಚುಕಮ್ಮಿ 6 ಜನಕ್ಕೆ ಅಂಟಿತ್ತು, ಯಾವಾಗ್ಲೂ ಬಳಸ್ತೀವಿ ಅಂದವ್ರಲ್ಲಿ ಸುಮಾರು 1. ಈ ಎರಡರ ನಡುವಿನ ಇಳಿಕೆನೇ 80%. ಅದೂ "ಯಾವಾಗ್ಲೂ" ಅಂತ ಬಾಯಲ್ಲಿ ಹೇಳಿದ್ದು, ಹಾಸಿಗೆ ಪಕ್ಕ ನಿಂತು ಯಾರೂ ನೋಡಿಲ್ಲ. ಲ್ಯಾಟೆಕ್ಸ್ (ಕಾಂಡೋಮಿನ ರಬ್ಬರ್) ಒಳಗಿಂದ ವೈರಸ್ ಸೋರಲ್ಲ. ತಡವಾಗಿ ಹಾಕೋದು, ಜಾರೋದು, ಹರಿಯೋದು, ಇವತ್ತೊಂದಿನ ಪರ್ವಾಗಿಲ್ಲ ಅನ್ನೋದು, ಸೋರಿಕೆ ಅಲ್ಲಿ.

ನೇರಮಾತು: ಲ್ಯಾಬಲ್ಲಿದ್ರೆ ಎಲ್ಲಾ ಗೊತ್ತು ಅನ್ನೋ ಅಹಂಕಾರ ಬೇಡ. ಕೇಳಿದ್ದಕ್ಕೆ ಮರ್ಯಾದೆಯಾಗಿ ಹೇಳ್ಬಹುದಿತ್ತು.

ಸ್ಲೈಡ್‌ಮಾಸ್ಟರ್: ನೀವು ಕೇಳ್ಲಿಲ್ಲ, ತೀರ್ಪು ಕೊಟ್ರಿ.

ನಿದ್ದೆಗೆಟ್ಟವಳು: ಪೋಸ್ಟ್ ಹಾಕಿದವ್ರು ಕೇಳಿದ್ದು ಹರ್ಪಿಸ್, ನೀವೆಲ್ಲಾ ಎಲ್ಲಿಗೋ ಹೋಗ್ತಿದೀರಾ. ನಂಗೆ ಬಂದಿದ್ದೇ ಕಾಂಡೋಮ್ ಹಾಕೋ ಮನುಷ್ಯನಿಂದ. ಅವನಿಗೆ ತನಗಿದೆ ಅಂತ ಗೊತ್ತಿತ್ತು, ಹುಣ್ಣಿಲ್ದಾಗ ಹರಡಲ್ಲ ಅಂತ ಬಾಯಿ ಮುಚ್ಕೊಂಡಿದ್ದ. ಸುಳ್ಳು ಅದು. ಹುಣ್ಣಿಲ್ದೇ ಇದ್ದಾಗ್ಲೂ ಚರ್ಮದಿಂದ ವೈರಸ್ ಆಗಾಗ ಉದುರುತ್ತೆ. ಮೊದಲ್ನೇ ಸಲ ಬಂದಾಗ ಜ್ವರ, ತೊಡೆ ಸಂದಿ ಗಂಟು, ಮೂತ್ರ ಮಾಡೋಕೆ ಕೂತ್ರೆ ಜೀವ ಹೋಗೋದು, ಮೇಲಿಂದ ಉಗುರುಬೆಚ್ಚಗಿನ ನೀರು ಸುರ್ಕೊಳ್ತಾ ಮಾಡ್ಬೇಕಿತ್ತು. ಅದರ ಮೇಲೆ ಯಾರೋ ಐಜಿಎಂ ಅನ್ನೋ ಪ್ರತಿಕಾಯದ ರಕ್ತ ಪರೀಕ್ಷೆ ಬರ್ಕೊಟ್ರು, ಹರ್ಪಿಸ್‌ಗೆ ಅದು ನಂಬೋ ಟೆಸ್ಟೇ ಅಲ್ವಂತೆ, ದುಡ್ಡು ನೀರಲ್ಲಿ ಹೋಮ. ಹುಣ್ಣು ಹಸಿ ಇರೋವಾಗ್ಲೇ ಅದರಿಂದ ಸ್ವಾಬ್ ತೆಗೆದು ಪಿಸಿಆರ್ ಮಾಡಿಸ್ಬೇಕಿತ್ತು, ಅದನ್ನ ಹೇಳೋ ಹೊತ್ತಿಗೆ ಒಣಗೋಗಿತ್ತು. ಹರ್ಪಿಸ್ ವೈರಸ್‌ನಲ್ಲಿ ಟೈಪ್ 1, ಟೈಪ್ 2 ಅಂತ ಎರಡು ವಿಧ, ಯಾವಾಗ್ಲೂ ಕಾಂಡೋಮ್ ಬಳಸೋರಿಗೆ ಟೈಪ್ 2 ಅಂಟೋ ಅಪಾಯ ಸುಮಾರು 30% ಕಮ್ಮಿ ಅಂತ 2009ರಲ್ಲಿ ಹಲವು ಅಧ್ಯಯನ ಒಟ್ಟು ಸೇರ್ಸಿ ನೋಡಿದಾಗ ಬಂತು. ಮೂವತ್ತು! ಅಷ್ಟೇ ರಕ್ಷಣೆ ಅಂತ ಯಾರಾದ್ರೂ ಮೊದ್ಲೇ ಹೇಳಿದ್ರಾ ನಂಗೆ?

ಮೌನಿ: ಎಲ್ಲಾರ ಹತ್ರನೂ ನಂಗೆ ಹರ್ಪಿಸ್ ಇದೆ ಅಂತ ಡಂಗುರ ಸಾರಕ್ಕಾಗುತ್ತಾ? ನಾನು ಒಬ್ಬಳಿಗೆ ಹೇಳ್ದೆ, ಅವಳು ಬ್ಲಾಕ್ ಮಾಡಿ ಗೆಳತಿಯರಿಗೆಲ್ಲಾ ಹಬ್ಬಿಸಿದ್ಲು. ಹೇಳೋನಿಗೆ ಸಿಗೋ ಬಹುಮಾನ ಅದು. ಅದಾದ್ಮೇಲೆ ಯಾರ ಹತ್ರಾನೂ ಹೋಗಿಲ್ಲ.

ನಿದ್ದೆಗೆಟ್ಟವಳು: ನಿಮ್ಗೆ ಬ್ಲಾಕ್ ಆಯ್ತು, ನಂಗೆ ಜೀವನ ಪೂರ್ತಿ ವೈರಸ್ ಬಂತು. ಎರಡನ್ನೂ ಒಂದೇ ತಕ್ಕಡೀಲಿ ಇಡ್ಬೇಡಿ.

ಮೌನಿ: ನಿಮ್ಮವನ ಸಿಟ್ಟು ನನ್ನ ಮೇಲೆ ಯಾಕೆ? ನಾನು ಹೇಳಿದೀನಲ್ಲಾ.

ಜಾಣಕಿವಿ: ಉರಿಗೆ ಯಾರೂ ಉತ್ರ ಕೊಟ್ಟಿಲ್ಲ. ನಮಗೂ ಉರಿ ಇತ್ತು, ಸ್ವಲ್ಪ ಎಣ್ಣೆ ಹಚ್ಕೊಂಡ್ವಿ, ಸರಿಹೋಯ್ತು. ಬಹಳ ಕಾಲದಿಂದ ಹಾಗೇ ಮಾಡ್ತಿದೀವಿ.

ಸ್ಲೈಡ್‌ಮಾಸ್ಟರ್: ದಯವಿಟ್ಟು ಯಾರೂ ಇದನ್ನ ಮಾಡ್ಬೇಡಿ!! ಎಣ್ಣೆ, ವ್ಯಾಸಲಿನ್, ಬೇಬಿ ಆಯಿಲ್, ಬಾಡಿ ಲೋಷನ್ ಯಾವ್ದು ತಾಗಿದ್ರೂ ಲ್ಯಾಟೆಕ್ಸ್ ನಿಮಿಷಗಳಲ್ಲಿ ಮೆತ್ತಗಾಗಿ ಹರಿಯೋ ಹಾಗಾಗುತ್ತೆ. ನೀರಿನದ್ದು ಇಲ್ಲ ಸಿಲಿಕೋನಿನ ಲೂಬ್ರಿಕೆಂಟ್ ಮಾತ್ರ. ಹೊಸದಾರಿ, ಉರಿ ಲ್ಯಾಟೆಕ್ಸಿಂದನೇ ಅಂತ ಏನಿಲ್ಲ, ಮೊದ್ಲು ಪ್ಯಾಕೆಟ್ ತಿರುಗ್ಸಿ ನೋಡಿ, ನಾನ್ಆಕ್ಸಿನಾಲ್-9 ಅಂತಿದ್ರೆ ಅದು ವೀರ್ಯನಾಶಕ, ಪದೇಪದೇ ತಾಗಿದ್ರೆ ಒಳಪದರ ಕೆರಳುತ್ತೆ, ಎಚ್‌ಐವಿ ಅಂಟೋಕೆ ಇನ್ನೂ ಸುಲಭ ಮಾಡ್ಕೊಡುತ್ತೆ. ಅದಿಲ್ದೇ ಇರೋದು ತಗೊಳ್ಳಿ. ಆಗ್ಲೂ ಉರಿ, ತುರಿಕೆ, ಊತ ಅಂದ್ರೆ ಲ್ಯಾಟೆಕ್ಸ್ ಬದಲು ಪಾಲಿಯುರಿಥೇನ್ ಇಲ್ಲ ಪಾಲಿಐಸೊಪ್ರೀನ್ ಕಾಂಡೋಮ್. ಕುರಿ ಕರುಳಿಂದು ಮಾತ್ರ ಬೇಡ, ವೀರ್ಯ ತಡೆಯುತ್ತೆ, ವೈರಸ್ ತಡೆಯಲ್ಲ.

ಜಾಣಕಿವಿ: ಇಷ್ಟು ವರ್ಷ ನಮಗೇನೂ ಆಗಿಲ್ಲ ಮಾರಾಯ್ರೇ.

ಸ್ಲೈಡ್‌ಮಾಸ್ಟರ್: ನಿಮ್ಮಿಬ್ರಲ್ಲಿ ಯಾರಿಗೂ ರೋಗ ಇಲ್ದೇ ಇದ್ರೆ ಹರಿದ್ರೂ ರೋಗ ಅಂಟಲ್ಲ. ಅದು ಎಣ್ಣೆ ಮಹಿಮೆ ಅಲ್ಲ.

ಗಂಟಲುಕಟ್ಟು: ನಂದೊಂದು ಬೇರೆ. ಕೆಳಗೆ ಶಿಸ್ತಾಗಿ ಕಾಂಡೋಮ್, ಬಾಯಿಗೆ ಯಾರು ಹಾಕ್ತಾರೆ? ಗೊನೋರಿಯಾ ಗಂಟಲಲ್ಲಿ ಕೂತಿತ್ತು. ನೋವಿಲ್ಲ, ಏನಿಲ್ಲ. ಮೂತ್ರ ಪರೀಕ್ಷೆ ನೆಗೆಟಿವ್ ಅಂತ ಆರಾಮಾಗಿದ್ದೆ, ಗಂಟಲಿನ ಸ್ವಾಬ್ ತೆಗೆದಾಗ ಸಿಕ್ತು. ಯಾವ ಜಾಗ ಬಳಸ್ತೀರೋ ಆ ಜಾಗದ ಟೆಸ್ಟ್ ಕೇಳಿ ಮಾಡಿಸ್ಕೊಳ್ಳಿ, ಅವ್ರಾಗೇ ಕೇಳಲ್ಲ.

ಉರಿಗಣ್ಣ: ಎಚ್‌ಪಿವಿ ಲಸಿಕೆ ಬಗ್ಗೆ ಯಾರೂ ಎತ್ತಲ್ಲ ನೋಡಿ. ನರುಲಿ ತರೋದು ಹೆಚ್ಚಿನಂಶ ಎಚ್‌ಪಿವಿಯ 6, 11ನೇ ವಿಧ, ನಾಲ್ಕು ಇಲ್ಲ ಒಂಬತ್ತು ವಿಧ ತಡೆಯೋ ಲಸಿಕೇಲಿ ಆ ಎರಡೂ ಇದಾವೆ, ಮುಂಚೆನೇ ಹಾಕಿಸ್ಕೊಂಡಿದ್ರೆ...

ಹಳೇಜೋಡಿ: ಮತ್ತೆ ನರುಲಿನಾ.

ನಿದ್ದೆಗೆಟ್ಟವಳು: ಹೊಸದಾರಿ, ಇವ್ರನ್ನ ಬಿಡಿ. ಅವನದ್ದು ಟೈಪ್ 1 ಇತ್ತಾ 2 ಇತ್ತಾ ಅಂತ ಕೇಳಿ, ಸ್ವಾಬ್ ರಿಪೋರ್ಟ್ ಇದ್ರೆ ಅದರಲ್ಲಿರುತ್ತೆ. ಕೆಳಗೆ ಬಂದಿದ್ದು 1 ಆದ್ರೆ ಮರುಕಳಿಸೋದು ತುಂಬಾ ಕಮ್ಮಿ. 2 ಆದ್ರೆ ದಿನಾ ವ್ಯಾಲಸೈಕ್ಲೊವಿರ್ (ಹರ್ಪಿಸ್ ವೈರಸ್ ಹತ್ತಿಕ್ಕೋ ಮಾತ್ರೆ) ತಗೊಳ್ಳೋ ಬಗ್ಗೆ ಅವನು ಡಾಕ್ಟ್ರ ಹತ್ರ ಮಾತಾಡ್ಲಿ, ಸಂಗಾತಿಗೆ ಹರಡೋದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ ಅಂತ 2004ರ ಅಧ್ಯಯನ ಇದೆ. ಮಾತ್ರೆ ಜೊತೆಗೆ ಕಾಂಡೋಮ್, ಜುಮ್ಮೆನ್ನೋದೋ ತುರಿಕೆನೋ ಶುರುವಾದ ದಿನದಿಂದ ಪೂರ್ತಿ ಒಣಗೋವರೆಗೂ ಏನೂ ಬೇಡ, ಕಾಂಡೋಮ್ ಹಾಕ್ಕೊಂಡೂ ಬೇಡ. ನಿಮ್ಗೂ ಮುಂಚೆನೇ ಇದ್ಯಾ ಅಂತ ಐಜಿಜಿ ಅನ್ನೋ ಇನ್ನೊಂದು ಪ್ರತಿಕಾಯದ ರಕ್ತ ಪರೀಕ್ಷೆ ಮಾಡಿಸ್ಬಹುದು, ಆದ್ರೆ ರಿಪೋರ್ಟಲ್ಲಿರೋ ಇಂಡೆಕ್ಸ್ ಅನ್ನೋ ಅಂಕಿ ಪಾಸಿಟಿವ್ ಮಿತಿಗಿಂತ ಸ್ವಲ್ಪನೇ ಮೇಲಿದ್ರೆ ಅದು ಸುಳ್ಳು ಪಾಸಿಟಿವ್ ಇರ್ಬಹುದು, ಬೇರೆ ವಿಧಾನದಲ್ಲಿ ಖಾತ್ರಿ ಮಾಡ್ಕೊಳ್ದೇ ಅಳ್ತಾ ಕೂರ್ಬೇಡಿ.

ಮೌನಿ: ಅವನು ಮೊದ್ಲೇ ಹೇಳಿದಾನಲ್ಲ, ಅದಕ್ಕೆ ಒಂದು ಒಳ್ಳೆ ಮಾತಾದ್ರೂ ಆಡ್ಬಾರ್ದಾ ಯಾರಾದ್ರೂ?

ನಿದ್ದೆಗೆಟ್ಟವಳು: ಆಡ್ತೀನಿ. ಒಳ್ಳೇ ಹುಡುಗ. ಆದ್ರೂ ರಿಪೋರ್ಟ್ ನೋಡಿ.