ಜಾಗ ಬದಲಿಸುವ ಸ್ಪೀಡ್ ಕ್ಯಾಮೆರಾದಿಂದ ಸಾವು-ನೋವು ನಿಜಕ್ಕೂ ಕಡಿಮೆ ಆಗುತ್ತಾ?

ದಾರಿಹೋಕ:
ನಾನು ದಿನಾ ಹೋಗುವ ಹೆದ್ದಾರಿಯಲ್ಲಿ ಈಗ ಒಂದು ಕ್ಯಾಮೆರಾ ವ್ಯಾನ್ ನಿಲ್ಲುತ್ತದೆ. ಹೋದ ತಿಂಗಳು ನನಗೂ ದಂಡದ ನೋಟಿಸ್ ಬಂತು. ಗಂಟೆಗೆ 80 ಕಿ.ಮೀ. ಮಿತಿ, ನಾನು 91ರಲ್ಲಿದ್ದೆ. ತಪ್ಪು ನನ್ನದೇ, ತಕರಾರಿಲ್ಲ. ಆದರೆ ವ್ಯಾನ್ ಕಂಡ ತಕ್ಷಣ ಎಲ್ಲರೂ ಗಕ್ಕನೆ ಬ್ರೇಕ್ ಹಾಕುತ್ತಾರೆ, ದಾಟಿದ ಮೇಲೆ ಮತ್ತೆ ಅದೇ ಓಟ. ಒಂದು ಸಲ ಹಿಂದಿನ ಗಾಡಿ ನನಗೆ ಗುದ್ದುವುದರಲ್ಲಿತ್ತು. ಹೀಗಿರುವಾಗ ಇದರಿಂದ ಜೀವ ಉಳಿಯುತ್ತೆ ಅನ್ನೋದಕ್ಕೆ ಆಧಾರ ಏನಾದರೂ ಇದೆಯಾ? ‘ಸುಮ್ನೆ ದುಡ್ಡು ಮಾಡೋಕೆ’ ಅನ್ನೋ ಉತ್ತರ ಬೇಡ, ಅದನ್ನ ನಾನೇ ಹೇಳಬಲ್ಲೆ.

ಲೆಕ್ಕದ ಮೇಷ್ಟ್ರು:
ಇದೆ. 2010ರಲ್ಲಿ, ಆರೋಗ್ಯದ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕ್ಯಾಮೆರಾ ಇದ್ದ ಜಾಗಗಳ ಆಸುಪಾಸಿನಲ್ಲಿ ಸಾವು ಅಥವಾ ಗಂಭೀರ ಗಾಯ ಆಗುವಂಥ ಅಪಘಾತ ಶೇ. 11ರಿಂದ 44ರಷ್ಟು ಇಳಿದಿತ್ತು. ಅಧ್ಯಯನಗಳ ಗುಣಮಟ್ಟ ಅಷ್ಟಕ್ಕಷ್ಟೇ ಅಂತಲೂ ಅವರೇ ಹೇಳಿದ್ದಾರೆ, ಅದನ್ನೂ ಮುಚ್ಚಿಡಬಾರದು.

ನಿಮ್ಮ 91ನ್ನೇ ತಗೊಳ್ಳಿ. ಮಿತಿಗಿಂತ ಬರೀ 11 ತಾನೇ ಜಾಸ್ತಿ ಅನ್ನಿಸುತ್ತೆ ಅಲ್ವಾ? ಒಣಗಿದ ರಸ್ತೆ, ಒಳ್ಳೆ ಬ್ರೇಕ್, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಅಂತ ಇಟ್ಟುಕೊಂಡರೆ, 80ರಲ್ಲಿ ಬಂದವನು ಸುಮಾರು 57 ಮೀಟರಿಗೆ ಪೂರ್ತಿ ನಿಲ್ಲುತ್ತಾನೆ. ಅವನು ನಿಂತ ಅದೇ ಜಾಗದಲ್ಲಿ ನಿಮ್ಮ ಗಾಡಿ ಇನ್ನೂ ಹತ್ತಿರ ಹತ್ತಿರ 50ರಲ್ಲಿ ಓಡುತ್ತಿರುತ್ತದೆ. ಅಲ್ಲಿ ಒಬ್ಬರು ರಸ್ತೆ ದಾಟುತ್ತಿದ್ದರೆ, ಅವನಿಗೆ ಎದೆ ಝಲ್ ಅಂದು ಮುಗಿಯಿತು, ನಿಮಗೆ ಮುಗಿಯಲಿಲ್ಲ. ಸ್ವೀಡನ್‌ನ ನಿಲ್ಸನ್ ಅನ್ನುವ ರಸ್ತೆ ಸುರಕ್ಷತೆ ಸಂಶೋಧಕರ ಸೂತ್ರ ಒಂದಿದೆ. ರಸ್ತೆಯ ಸರಾಸರಿ ವೇಗ ಶೇ. 1 ಇಳಿದರೆ ಸಾವಿನ ಅಪಘಾತ ಸುಮಾರು ಶೇ. 4 ಇಳಿಯುತ್ತೆ ಅಂತ.

ರಾತ್ರಿಪಾಳಿ:
ಮೇಷ್ಟ್ರೇ, ಒಂದು ಬಿಟ್ಟಿರಿ. ವ್ಯಾನ್ ನಿಲ್ಲಿಸೋದೇ ಹೋದ ವರ್ಷ ಜಾಸ್ತಿ ಅಪಘಾತ ಆದ ಕಡೆ. ತೀರಾ ಕೆಟ್ಟ ವರ್ಷ ಆದ ಮೇಲೆ, ಅಲ್ಲಿ ಯಾರೂ ಏನೂ ಮಾಡದಿದ್ದರೂ ಮುಂದಿನ ವರ್ಷ ಸಂಖ್ಯೆ ಇಳಿಯೋದೇ ಜಾಸ್ತಿ. ಆ ಇಳಿಕೆಯನ್ನೂ ಕ್ಯಾಮೆರಾ ಖಾತೆಗೆ ಜಮಾ ಮಾಡ್ತಾರೆ. ಕ್ಯಾಮೆರಾ ಇಲ್ಲದ ಅಂಥದ್ದೇ ರಸ್ತೆ ಜೊತೆ ಹೋಲಿಸದ ಅಂಕಿಯನ್ನ ನಾನು ನಂಬಲ್ಲ. ಕ್ಯಾಮೆರಾ ಬೇಡ ಅಂತಲ್ಲ, ಲೆಕ್ಕ ಸರಿ ಇರಲಿ ಅಷ್ಟೇ.

ಹಳೇ ಸ್ಟೇರಿಂಗ್:
ಆ ಗಕ್ಕನೆ ಬ್ರೇಕ್ ರೋಗಕ್ಕೆ ‘ಕಾಂಗರೂ ಎಫೆಕ್ಟ್’ ಅಂತ ಹೆಸರೇ ಇದೆ. ಕಂಬಕ್ಕೆ ನೆಟ್ಟ ಕ್ಯಾಮೆರಾದ್ದು ಅದೇ ಹಣೆಬರಹ, ನಾಲ್ಕು ದಿನದಲ್ಲಿ ಎಲ್ಲರಿಗೂ ಜಾಗ ಬಾಯಿಪಾಠ. ವ್ಯಾನಿನ ಶಕ್ತಿ ಇರೋದು ಅದು ಎಲ್ಲಿದೆ ಅಂತ ಗೊತ್ತಿಲ್ಲದೇ ಇರೋದರಲ್ಲಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1997ರಲ್ಲಿ ಇದನ್ನ ಶುರು ಮಾಡಿದಾಗ, ಯಾವತ್ತು ಯಾವ ಜಾಗ ಅನ್ನೋದನ್ನ ಚೀಟಿ ಎತ್ತಿದ ಹಾಗೆ ಆರಿಸುವ ಪದ್ಧತಿ ಇಟ್ಟುಕೊಂಡರು. ಇವತ್ತು ಇಲ್ಲಿ ಕಾಣಲಿಲ್ಲ ಅಂದರೆ ಮುಂದಿನ ತಿರುವಿನಲ್ಲಿ ಇರಬಹುದು, ಆ ಅನುಮಾನ ಇಡೀ ದಾರಿ ಕಾಲನ್ನ ಹಿಡಿದಿಡುತ್ತೆ. ಒಂದೇ ಉದ್ದನೆಯ ರಸ್ತೆ ಆದರೆ ಎರಡು ತುದಿಗೂ ಕ್ಯಾಮೆರಾ ಇಟ್ಟು ಸರಾಸರಿ ವೇಗ ಅಳೆಯೋದು ಇನ್ನೂ ವಾಸಿ, ಅಲ್ಲಿ ಬ್ರೇಕ್ ಹಾಕಿ ಪ್ರಯೋಜನವೇ ಇಲ್ಲ.

ಅಂದಹಾಗೆ ವೇಗ ಹಿಡಿಯುವ ‘ಗ್ಯಾಟ್ಸೋ’ ಕ್ಯಾಮೆರಾ ಕಂಡುಹಿಡಿದ ಗ್ಯಾಟ್ಸೊನೈಡಿಸ್ ಡಚ್ ರ‍್ಯಾಲಿ ಓಟಗಾರ. ತಾನು ಇನ್ನೂ ಜೋರಾಗಿ ಓಡಿಸಬೇಕು ಅಂತಲೇ ಅಳತೆ ಶುರು ಮಾಡಿದವನು!

ದಾರಿಹೋಕ:
ಆ 50ರ ಲೆಕ್ಕ ನಂಬದೆ ನಾನೇ ಕೂತು ಮಾಡಿ ನೋಡಿದೆ, 49 ಬಂತು. ಹೊಟ್ಟೆಯಲ್ಲಿ ಒಂಥರಾ ಆಯ್ತು. ನಮ್ಮ ವ್ಯಾನ್ ಮಾತ್ರ ಪ್ರತಿ ಸಲ ಅದೇ ಸೇತುವೆ ಪಕ್ಕ, ಅದೇ ಬೆಳಗಿನ ಹೊತ್ತು. ಜಾಗ ಬದಲಿಸ್ತಾ ಇರಿ ಅಂತ ವ್ಯಾನ್ ನಿಲ್ಲಿಸುವವರಿಗೊಂದು ಪತ್ರ ಬರೆಯಲು ಕೂತಿದ್ದೇನೆ. ದಂಡ ಕಟ್ಟಿ ಬಂದವನೇ ಕ್ಯಾಮೆರಾ ಇನ್ನಷ್ಟು ಓಡಾಡಲಿ ಅಂತಿದ್ದಾನೆ ಅಂತ ಮನೆಯಲ್ಲಿ ನಗುತ್ತಿದ್ದಾರೆ.